ಅಳಿಸಿ ಅಳಿಸಿ ತೂತಾದ ಹಾಳೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಪ್ರೌಢಶಾಲೆಯೊಂದರ ಚಿತ್ರಕಲಾ ಶಿಕ್ಷಕರು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳನ್ನು ಆಪ್ತ ಸಲಹೆಗಾರ್ತಿಯಾದ ನನ್ನ ಬಳಿಗೆ ಕರೆತಂದರು. ತಮ್ಮದೇ ಮುಖದ ಚಿತ್ರ ಬರೆಯುವ ಪಾಠದಲ್ಲಿ ಅವಳು ಹಾಳೆ ತೂತಾಗುವವರೆಗೆ ರಬ್ಬರಿನಿಂದ ಉಜ್ಜಿ, ಮುಂದಿನ ಎರಡು ಚಿತ್ರಕಲಾ ಅವಧಿಗಳಿಗೆ ಬಂದಿರಲೇ ಇಲ್ಲ. ಅವಳ ಬಲಗಣ್ಣಿನ ರೆಪ್ಪೆಯ ಮೇಲೂ ತುಟಿಯ ಅಂಚಿನಲ್ಲೂ ತೊನ್ನಿನ ಬಿಳಿ ಮಚ್ಚೆಗಳಿದ್ದವು. ಶಿಕ್ಷಕರು ಒಳ್ಳೆಯ ಮನಸ್ಸಿನಿಂದಲೇ, "ಇರುವುದನ್ನು ಇರುವ ಹಾಗೆ ಧೈರ್ಯವಾಗಿ ಬರೆಯಮ್ಮ" ಎಂದಿದ್ದರು.

ಅವಳೊಬ್ಬಳೇ ಇದ್ದಾಗ ಹೇಳಿದ ಮಾತು ಇದು: "ಬರೆಯದಿದ್ದರೆ ಸುಳ್ಳು ಅಂತಾರೆ ಮೇಡಂ, ಬರೆದರೆ ಗೋಡೆಗೆ ಅಂಟಿಸ್ತಾರೆ."

ಅವಳ ತೊಂದರೆ ಮಚ್ಚೆಯದಲ್ಲ, ಗೋಡೆಯದು ಎಂದು ನನಗೆ ಅನ್ನಿಸಿತು. ಆದ್ದರಿಂದ ಸಲಹೆಯ ಹೆಚ್ಚಿನ ಪಾಲು ಶಿಕ್ಷಕರಿಗೇ ಸಂದಿತು. ಮಗುವಿನ ಒಪ್ಪಿಗೆಯಿಲ್ಲದೆ ಯಾವ ಮುಖವನ್ನೂ ಪ್ರದರ್ಶಿಸಬಾರದು, ಮತ್ತು ಇದನ್ನು ಅವಳಿಗಷ್ಟೇ ರಿಯಾಯಿತಿಯಾಗಿ ಕೊಡದೆ ಇಡೀ ತರಗತಿಯ ನಿಯಮವನ್ನಾಗಿ ಮಾಡಬೇಕು ಎಂದೆ. "ನಾನು ಯಾರು" ಎಂಬ ದೊಡ್ಡ ಪ್ರಶ್ನೆಯಿಂದ ಪಾಠ ಆರಂಭಿಸುವ ಬದಲು ಅಳತೆಯಿಂದ ಆರಂಭಿಸಬಹುದು: ನೆತ್ತಿಯಿಂದ ಗದ್ದದವರೆಗಿನ ಎತ್ತರದ ಸರಿಸುಮಾರು ನಡುವೆ ಕಣ್ಣುಗಳಿರುತ್ತವೆ, ಆದರೆ ಮಕ್ಕಳು ಹಣೆಯನ್ನೂ ಕೂದಲನ್ನೂ ಕುಗ್ಗಿಸಿ ಕಣ್ಣನ್ನು ಮೇಲಕ್ಕೇರಿಸಿಬಿಡುತ್ತಾರೆ, ಪೆನ್ಸಿಲಿನಿಂದ ಅಳೆದು ನೋಡುವಾಗ ಮುಖವು ನಾಚಿಕೆಯ ವಸ್ತುವಾಗಿ ಉಳಿಯದೆ ನೋಡುವ ವಸ್ತುವಾಗುತ್ತದೆ. ಅನಂತರ ಹಾಳೆಯತ್ತ ಕಣ್ಣು ಹಾಯಿಸದೆ ಕನ್ನಡಿಯನ್ನೇ ನೋಡುತ್ತ ಒಂದೇ ಗೆರೆಯಲ್ಲಿ ಬರೆಯಿಸಿದರೆ ಎಲ್ಲರ ಮೂಗೂ ಸೊಟ್ಟಗಾಗುವುದರಿಂದ ನಗುವಿಗೆ ಒಬ್ಬಳೇ ಗುರಿಯಾಗುವುದಿಲ್ಲ. ಹತ್ತಿರದಿಂದ ತೆಗೆದ ಸೆಲ್ಫಿ ಮೂಗನ್ನು ಹಿಗ್ಗಿಸಿ ಕಿವಿಯನ್ನು ಕುಗ್ಗಿಸುವುದರಿಂದ ಮೊಬೈಲಿಗಿಂತ ಕೈಗನ್ನಡಿಯೇ ಮೇಲು.

ಮಾದರಿಯಾಗಿ ಜರ್ಮನ್ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1484ರಲ್ಲಿ, ಇನ್ನೂ ಹದಿಮೂರರ ಹುಡುಗನಾಗಿದ್ದಾಗ, ಕನ್ನಡಿ ನೋಡಿ ಬರೆದ ತನ್ನ ಚಿತ್ರವನ್ನು ತೋರಿಸಲು ಹೇಳಿದೆ. ಅದು ಬೆಳ್ಳಿಯ ಮೊನೆಯ ಕಡ್ಡಿಯಿಂದ ಎಳೆದ, ಸುಲಭವಾಗಿ ಅಳಿಸಲಾಗದ ಗೆರೆಯಲ್ಲಿದೆ. ಹುಡುಗ ಮುಖವನ್ನು ಓರೆಯಾಗಿಟ್ಟು ನಮ್ಮತ್ತ ನೋಡದೆ ಕುಳಿತಿದ್ದಾನೆ. ಯಾವ ಮಗ್ಗುಲನ್ನು ತೋರಿಸಬೇಕೆಂಬುದು ಬರೆಯುವವರ ಆಯ್ಕೆ, ಅದು ಸುಳ್ಳಲ್ಲ ಎಂಬುದನ್ನು ಅವಳಿಗೆ ಉಪದೇಶವಿಲ್ಲದೆ ತಿಳಿಸಲು ಇದಕ್ಕಿಂತ ಸರಳ ದಾರಿ ನನಗೆ ಹೊಳೆಯಲಿಲ್ಲ.

ತೊನ್ನು ಅಂಟುರೋಗವಲ್ಲ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ನಶಿಸುವುದರಿಂದ ಬರುವಂಥದ್ದು ಎಂಬ ಪಾಠವನ್ನು ವಿಜ್ಞಾನ ಶಿಕ್ಷಕರು ಬೇರೊಂದು ದಿನ, ಅವಳತ್ತ ತಿರುಗದೆ, ಮಾಡಲಿ ಎಂದೆ. ಚರ್ಮರೋಗ ತಜ್ಞರನ್ನು ಕಾಣುವ ಕುರಿತು ತಾಯಿಯೊಡನೆ ಪ್ರತ್ಯೇಕವಾಗಿ ಮಾತನಾಡಿದೆ.

ಆರು ವಾರಗಳ ಬಳಿಕ ಶಿಕ್ಷಕರು ಫೋನ್ ಮಾಡಿದರು. ಅವಳು ಕಿಟಕಿಯ ಪಕ್ಕ ಕುಳಿತು ಮೂರು ಚಿತ್ರ ಬರೆದು, ಎರಡನ್ನು ಒಪ್ಪಿಸಿ, ಒಂದನ್ನು ತನ್ನಲ್ಲೇ ಇಟ್ಟುಕೊಂಡಿದ್ದಳಂತೆ. "ಅದರಲ್ಲಿ ಮಚ್ಚೆ ಇದೆಯೋ ಏನೋ, ಕೇಳಲೇ?" ಎಂದರು. ಬೇಡ, ಒಪ್ಪಿಸಿದ ಎರಡಕ್ಕೆ ಅಂಕ ಕೊಡಿ ಎಂದೆ.