ಐದನೇ ದಿನ ತಪ್ಪಿತು, ಆಮೇಲೆ?

ಪ್ರಶ್ನೆ: ಕೆಲಸ ಮಾಡುತ್ತಲೇ ಪರೀಕ್ಷೆಗೆ ಓದುತ್ತಿದ್ದೇನೆ. ಬೆಳಗ್ಗೆ 5ಕ್ಕೆ ಎದ್ದು ಎರಡು ಗಂಟೆ ಓದಬೇಕು ಅಂತ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ನಾಲ್ಕು ದಿನ ಚೆನ್ನಾಗಿ ನಡೆಯಿತು. ಐದನೇ ದಿನ ಏಳಲಿಲ್ಲ, ಅಲ್ಲಿಗೆ ಬಿಟ್ಟೇಬಿಟ್ಟೆ. ಹೀಗಾಗಿದ್ದು ಇದು ಮೂರನೇ ಸಲ. 21 ದಿನ ಮಾಡಿದರೆ ರೂಢಿಯಾಗುತ್ತೆ ಅಂತಾರೆ. ನಾನು ಬರೀ ಆರಂಭಶೂರನಾ?

ಉತ್ತರ: ಮೂರು ಸಲ ಶುರು ಮಾಡಿದವರನ್ನು ಹಾಗನ್ನಲು ನನಗೆ ಮನಸ್ಸಿಲ್ಲ. ಮೊದಲು ಆ 21 ದಿನದ ಮಾತು ಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದರು. ಹೊಸ ಕೆಲಸ ತಾನಾಗಿಯೇ ಆಗುವಂತಾಗಲು, ಆ 12 ವಾರಗಳ ಗತಿ ನೋಡಿ ಅವರು ಹಾಕಿದ ಅಂದಾಜಿನಲ್ಲಿ, ಒಬ್ಬರಿಗೆ 18 ದಿನ ಸಾಕು, ಇನ್ನೊಬ್ಬರಿಗೆ 254 ದಿನ ಬೇಕು. ನಡುವಿನ ಅಂಕಿ 66. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಿರಲಿಲ್ಲ. ನಿಮ್ಮ ಓದು ನಿಂತಿದ್ದು ಐದನೇ ದಿನ ತಪ್ಪಿದ್ದರಿಂದಲ್ಲ, ಆರನೇ ದಿನ ಮತ್ತೆ ಕೂರದೇ ಇದ್ದದ್ದರಿಂದ.

ನಾನೊಮ್ಮೆ ಒಂದು ಅನುವಾದ ಒಪ್ಪಿಕೊಂಡು ತಿಂಗಳುಗಟ್ಟಲೆ ಮುಂದೂಡಿದ್ದೆ. ಕೊನೆಗೆ ಅಕ್ಕನ ಹತ್ತಿರ ಹೇಳಿಕೊಂಡೆ. "ದಿನಾ ರಾತ್ರಿ ಒಂಬತ್ತಕ್ಕೆ ನನಗೆ ಮೆಸೇಜ್ ಹಾಕು. ಆಯ್ತು, ಇಲ್ಲಾ ಆಗಲಿಲ್ಲ. ಆಗದಿದ್ರೆ ಯಾಕೆ ಅಂತ ಒಂದೇ ಸಾಲು" ಅಂದಳು. ಮೊದಲ ಸಲ "ಆಗಲಿಲ್ಲ" ಅಂತ ಕಳಿಸುವಾಗ ನಾಲ್ಕು ನೆಪ ಬರೆದು ನಾಲ್ಕನ್ನೂ ಅಳಿಸಿದೆ. ಕೊನೆಗೆ ಉಳಿದಿದ್ದು ನಿಜವಾದದ್ದು: "ಫೋನ್ ನೋಡ್ತಾ ಕೂತೆ." ಅವಳ ಉತ್ತರ "ಸರಿ, ನಾಳೆ" ಅಷ್ಟೇ. ತಿಂಗಳಾದ ಮೇಲೆ ಹಳೆ ಮೆಸೇಜುಗಳನ್ನು ಓದಿದರೆ ಅದೇ ಸಾಲು ಎಂಟು ಕಡೆ! ಆವತ್ತಿನಿಂದ ಕೆಲಸಕ್ಕೆ ಕೂತಾಗ ಫೋನು ಪಕ್ಕದ ಕೋಣೆಯಲ್ಲಿರುತ್ತದೆ.

ನೀವೂ ಅಂಥ ಒಬ್ಬರನ್ನು ಹುಡುಕಿಕೊಳ್ಳಿ. ಬೈಯುವವರು ಬೇಡ, ಅವರಿಗೆ ಸುಳ್ಳು ಹೇಳೋಕೆ ಶುರು ಮಾಡ್ತೀವಿ. "ಪಾಪ, ಸುಸ್ತಾಗಿರ್ತೀಯ" ಅನ್ನುವವರೂ ಬೇಡ.

ಎರಡು ಗಂಟೆ ಸದ್ಯಕ್ಕೆ ಜಾಸ್ತಿಯೇ ಆಯಿತು. 20 ನಿಮಿಷ ಇರಲಿ. ಗಡಿಯಾರದ ಬದಲು, ದಿನಾ ಹೇಗೂ ಮಾಡುವ ಕೆಲಸಕ್ಕೆ ಅದನ್ನು ಕಟ್ಟಿ: ಹಲ್ಲುಜ್ಜಿ ಬಂದ ತಕ್ಷಣ ಇದೇ ಕುರ್ಚಿ, ಇದೇ ಪುಸ್ತಕ. ಓದಬೇಕಾದ ಪುಟವನ್ನು ರಾತ್ರಿಯೇ ತೆರೆದಿಡಿ, ಮೇಲೊಂದು ಪೆನ್ನು ಇರಲಿ.

ಗೋಡೆಯ ಮೇಲಿನ ವೇಳಾಪಟ್ಟಿ ಹರಿಯಬೇಡಿ. ಐದನೇ ದಿನದ ಮುಂದೆ "ಆಗಲಿಲ್ಲ" ಅಂತ ಬರೆದು, ಪಕ್ಕದಲ್ಲೇ ಕಾರಣ ಬರೆಯಿರಿ. ಅದರ ಕೆಳಗಿನ ಸಾಲಿಗೆ ನಾಳೆಯ ತಾರೀಕು ಹಾಕಿ.