ಅಮ್ಮನ ಕತೆಗೆ ಹೂಂಗುಟ್ಟುವವರು ಯಾರು?

ಪ್ರಶ್ನೆ: ಅಬ್ಬೆಗೆ 78 ವರ್ಷ. ನಾವು ಸಣ್ಣವರಿದ್ದಾಗ ಒಂದೊಂದು ಕತೆಯನ್ನು ಅರ್ಧ ಗಂಟೆ ಹೇಳುತ್ತಿದ್ದರು. ಈಗ ರೆಕಾರ್ಡ್ ಮಾಡಲು ಮೊಬೈಲ್ ಎದುರಿಟ್ಟರೆ ನಾಲ್ಕೇ ಮಾತಿನಲ್ಲಿ ಮುಗಿಸುತ್ತಾರೆ. ಏನು ಮಾಡಲಿ? (ಬದಿಯಡ್ಕ)

ಉತ್ತರ: ಮೊಬೈಲ್‌ಗಿಂತ ದೊಡ್ಡ ಅಡ್ಡಿ ನೀವೇ. ಕತೆ ನಿಮಗೆ ಬರುತ್ತದೆಂದು ಅವರಿಗೆ ಗೊತ್ತು. ಗೊತ್ತಿದ್ದವರೆದುರು ಯಾರೂ ಬಿಡಿಸಿ ಹೇಳುವುದಿಲ್ಲ. ಆ ಕತೆ ಕೇಳದ ಮಗುವೊಂದನ್ನು ಕೂರಿಸಿ. ಮಾತಿಗೊಮ್ಮೆ ಅದು ‘ಹೂಂ’ ಅನ್ನುತ್ತಿರಲಿ. ಹೂಂಗುಟ್ಟುವುದು ನಿಂತರೆ ಮಗುವಿಗೆ ನಿದ್ದೆ ಬಂತೆಂದುಕೊಂಡು ಹೇಳುವವರು ಕತೆಯನ್ನು ಮೊಟಕು ಮಾಡುತ್ತಾರೆ. ಬರೆದುಕೊಳ್ಳುವಾಗ ಆ ‘ಹೂಂ’ಗಳನ್ನೂ ಬಿಡಬೇಡಿ.

ಕೈಗೆ ಸದ್ದಿಲ್ಲದ ಕೆಲಸ ಕೊಡಿ: ಬತ್ತಿ ಹೊಸೆಯುವುದೋ ಹೂ ಕಟ್ಟುವುದೋ ಆದೀತು. ಅಡಕೆ ಸುಲಿಯುತ್ತ ಹೇಳಿಸಿದರೆ ಕೊನೆಗೆ ಕೇಳಿಸುವುದು ಅಡಕೆಯೇ. ಫ್ಯಾನ್ ಆರಿಸಿ, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಮಡಚಿದ ಬೈರಾಸಿನ (ಟವೆಲಿನ) ಮೇಲೆ ಮೊಬೈಲ್ ಇಡಿ, ಬಾಯಿಂದ ಎರಡು ಗೇಣು ದೂರ, ಉಸಿರು ನೇರ ತಾಗದಂತೆ ತುಸು ಪಕ್ಕಕ್ಕೆ. ಮಳೆಗಾಲದಲ್ಲಿ ಶೀಟು ಹಾಕಿದ ಜಗಲಿ ಬೇಡವೇ ಬೇಡ, ಒಳಕೋಣೆಗೆ ಹೋಗಿ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ‘ವೇವ್’ (WAV) ಮಾದರಿ ಇದ್ದರೆ ಅದನ್ನೇ ಆರಿಸಿ. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 600 ಎಂಬಿ ಹಿಡಿಯುತ್ತದೆ, ಮೋನೋದಲ್ಲಿ ಅದರ ಅರ್ಧ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ನಡುವೆ ಪ್ರಶ್ನೆ ಕೇಳಬೇಡಿ. ಕೇಳುವುದೆಲ್ಲ ಕತೆ ಮುಗಿದ ಮೇಲೆ.

ಪ್ರಶ್ನೆ: ಅಮ್ಮ ಹೇಳುವುದು ತುಳುವಿನಲ್ಲಿ. ಕನ್ನಡ ಲಿಪಿಯಲ್ಲಿ ಬರೆದರೆ ಸರಿಯಾದೀತೇ, ಅಥವಾ ಕನ್ನಡಕ್ಕೇ ತಿರುಗಿಸಲೇ? (ಮಂಜೇಶ್ವರ)

ಉತ್ತರ: ಮೊದಲು ತುಳುವಿನಲ್ಲೇ ಬರೆಯಿರಿ. ‘ಒಂಜಿ ಊರುಡು ಒರಿ ಅರಸು ಇತ್ತೆ’ (ಒಂದು ಊರಿನಲ್ಲಿ ಒಬ್ಬ ಅರಸ ಇದ್ದ) ಎಂಬುದನ್ನು ‘ಒಂದಾನೊಂದು ಕಾಲದಲ್ಲಿ’ ಎಂದು ತಿದ್ದಿದ ಕ್ಷಣ ಅಮ್ಮ ಎದ್ದು ಹೋಗಿ ಪಠ್ಯಪುಸ್ತಕ ಬಂದು ಕೂರುತ್ತದೆ. ‘ಪೋಯೆ ಪೋಯೆ ಪೋಯೆ’ (ಹೋದ, ಹೋದ, ಹೋದ) ಎಂದು ಮೂರು ಸಲ ಎಳೆದು ಹೇಳಿದರೆ ಮೂರನ್ನೂ ಬರೆಯಿರಿ, ದಾರಿ ಅಷ್ಟು ದೂರವಿದೆ. ಕನ್ನಡ ಸಾರಾಂಶ ಎದುರುಪುಟದಲ್ಲಿರಲಿ.

ಲಿಪಿಯ ತೊಡಕು ಎರಡು. ಪದದ ಕೊನೆಯ ಅರೆ ಉಕಾರಕ್ಕೆ ‘ಇಲ್ಲ್’ (ಮನೆ), ‘ಕಣ್ಣ್’ (ಕಣ್ಣು) ಎಂಬಂತೆ ಅರ್ಧಾಕ್ಷರ ಸಾಕು, ರೂಢಿಯಲ್ಲಿರುವುದೂ ಅದೇ. ಎರಡನೆಯದು ಕಷ್ಟದ್ದು. ‘ಯಾನ್ ಬತ್ತೆ’ (ನಾನು ಬಂದೆ), ‘ಆಯೆ ಬತ್ತೆ’ (ಅವನು ಬಂದ) ಇವುಗಳಲ್ಲಿ ಕೊನೆಯ ಎಕಾರದ ಉಚ್ಚಾರ ಬೇರೆ. ನಾನು ಬಂದೆ ಎನ್ನುವಾಗ ಬಾಯಿ ಹೆಚ್ಚು ತೆರೆಯುತ್ತದೆ. ಕನ್ನಡ ಅಕ್ಷರ ಎರಡಕ್ಕೂ ಒಂದೇ. ಬಾಗಿಲ ಹೊರಗಿನಿಂದ ರಾಕ್ಷಸ ಬರೀ ‘ಬತ್ತೆ’ ಎಂದರೆ ಓದುವವರು ಯಾರು ಬಂದರೆಂದು ತಿಳಿಯಬೇಕು? ತೆರೆದ ಎಕಾರದ ಕೆಳಗೊಂದು ಗೆರೆ ಎಳೆದು, ಮೊದಲ ಪುಟದಲ್ಲಿ ಗುರುತು ವಿವರಿಸಿ. ಹವ್ಯಕರು ‘ಅವ° ಬಂದ°’ ಎಂದು ಸೊನ್ನೆ ಹಾಕಿ ತಮ್ಮ ಅನುನಾಸಿಕವನ್ನು ಉಳಿಸಿಕೊಂಡದ್ದೂ ಹೀಗೆಯೇ. ಹತ್ತು ನಿಮಿಷದ ಕತೆ ಬರೆಯಲು ಕನಿಷ್ಠ ಒಂದು ಗಂಟೆ ಬೇಕು. ಒಂದೇ ದಿನ ಮುಗಿಸಲು ಹೊರಟವರು ನಡುವಿನಿಂದ ಸಾರಾಂಶಕ್ಕೆ ಜಾರುತ್ತಾರೆ.

ಪ್ರಶ್ನೆ: ಕಾಗಕ್ಕ ಗುಬ್ಬಕ್ಕನ ಕತೆಯಲ್ಲಿ ಮಳೆ ಬಂದು ಕಾಗೆಯ ಸಗಣಿ ಮನೆ ಕರಗಿದ್ದು ನೆನಪಿದೆ, ನಡುವಿನದು ಮರೆತಿದೆ. ಗುಬ್ಬಿಯ ಮನೆ ಕಲ್ಲಿನದೋ ಮೇಣದ್ದೋ? (ಕುಂಬಳೆ)

ಉತ್ತರ: ಎರಡೂ ಸರಿ. ಮರಾಠಿಯಲ್ಲಿ ಗುಬ್ಬಿಯದು ಮೇಣದ ಮನೆ, ಕಾಗೆಯದು ಶೇಣದ್ದು, ಎಂದರೆ ಸಗಣಿಯದು. ಮೇಣ, ಶೇಣ ಎಂಬ ಪ್ರಾಸ ಅಲ್ಲಿ ಸಲೀಸು. ಕನ್ನಡದಲ್ಲಿ ಆ ಪ್ರಾಸವಿಲ್ಲ, ಕಲ್ಲೇ ಭದ್ರ. ನಿಮ್ಮ ಮನೆಯಲ್ಲಿ ಯಾವುದೋ ಅದನ್ನೇ ಬರೆದಿಡಿ, ಎರಡನ್ನು ಬೆರೆಸಬೇಡಿ.

ಮರೆತ ನಡುಭಾಗ ಸಿಗದ್ದೇನಲ್ಲ. ಕಾಗೆ ಬಾಗಿಲು ಬಡಿದಾಗಲೆಲ್ಲ ಗುಬ್ಬಿ ‘ತಾಳು, ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ’ ಎಂದು ಒಂದೊಂದು ನೆಪ ಹೇಳುತ್ತದೆ. ಆ ನೆಪಗಳ ಸಾಲು ಬಾಣಂತಿ ಮನೆಯ ದಿನಚರಿಯೇ. ಆದ್ದರಿಂದ ಅಮ್ಮನನ್ನು ಕತೆ ಕೇಳಬೇಡಿ, ‘ನನ್ನನ್ನು ಹೇಗೆ ಮೀಯಿಸುತ್ತಿದ್ದಿರಿ?’ ಎಂದು ಕೇಳಿ. ಎಣ್ಣೆ, ಬಿಸಿನೀರು, ಒರೆಸುವುದು, ಧೂಪದ ಹೊಗೆ, ಕಾಡಿಗೆ, ಹಾಲು, ತೊಟ್ಟಿಲು ಎಂದು ಅವರು ಹೇಳುತ್ತ ಹೋದಂತೆ ಕತೆಯೂ ಬಾಯಿಗೆ ಬರುವುದು ಹೆಚ್ಚು. ಬಾರದಿದ್ದರೆ ಆ ಜಾಗ ಖಾಲಿ ಬಿಡಿ, ನೀವೇ ತುಂಬಿಸಬೇಡಿ.

ಪ್ರಶ್ನೆ: ಅಮ್ಮ ಹೇಳಿದ ದೈವದ ಕತೆಯನ್ನೂ ಇದರ ಜೊತೆ ಅಚ್ಚು ಹಾಕಿಸಬಹುದೇ? (ಪೆರ್ಲ)

ಉತ್ತರ: ಬರೆದಿಡಿ, ಆದರೆ ಬೇರೆ ಪುಸ್ತಕದಲ್ಲಿ. ಅಜ್ಜಿಕತೆಯ ಅರಸನಿಗೆ ಊರಿಲ್ಲ. ದೈವದ ಕತೆಗೆ ಊರು, ಗುತ್ತು (ಊರಿನ ಹಿರಿಮನೆ), ಮನೆತನ ಎಲ್ಲ ಇವೆ. ಆ ಮನೆಯವರನ್ನೂ ಪಾಡ್ದನ (ದೈವದ ಕತೆಯ ಹಾಡು) ಹೇಳುವವರನ್ನೂ ಕೇಳದೆ ಅಚ್ಚಿಗೆ ಕೊಡಬೇಡಿ.