ಆನೆ ನಡೆದ ದಾರಿಯಲ್ಲಿ ಗದ್ದೆ ಯಾರದು?

ಪ್ರಿಯ ಲೇಖಕರಿಗೆ ನಮಸ್ಕಾರ.

ನಿಮ್ಮ ‘ಆನೆ ನಡೆದದ್ದೇ ದಾರಿ’ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ನಿಮ್ಮ ಗದ್ಯಕ್ಕೆ ಒಳ್ಳೆಯ ಓಟವಿದೆ, ಓದು ವಿಸ್ತಾರವಾಗಿದೆ. ತೊಡಕಿರುವುದು ವಾದದಲ್ಲಿ. ವಿದೇಶಾಂಗ ವಿಷಯಗಳನ್ನು ಕನ್ನಡದಲ್ಲಿ ಶ್ರಮವಹಿಸಿ ಬರೆಯುವವರನ್ನು ಕಳೆದುಕೊಳ್ಳುವ ಮನಸ್ಸಿಲ್ಲ, ಆದ್ದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನೀವು ಹೇಳುವುದು ಇಷ್ಟು: ಮಹಾಶಕ್ತಿಗಳಿಗೆ ಗಡಿಯಾಚೆಗೂ ಒಂದು ಪ್ರಭಾವ ವಲಯ ಇದ್ದೇ ಇರುತ್ತದೆ, ಆದ್ದರಿಂದ ಅದು ಅವುಗಳ ಹಕ್ಕು, ನೆರೆಯ ಸಣ್ಣ ದೇಶಗಳು ಅದನ್ನು ಒಪ್ಪಿಕೊಂಡರೆ ಶಾಂತಿ. ಇಡೀ ಲೇಖನದ ಭಾರವನ್ನು ನಡುವಿನ ‘ಆದ್ದರಿಂದ’ದ ಮೇಲೆ ಹೊರಿಸಿದ್ದೀರಿ. ಅದು ತಾಳುವುದಿಲ್ಲ. ವರದಕ್ಷಿಣೆ ಶತಮಾನಗಳಿಂದ ನಡೆದುಬಂದಿದೆ ಎಂದಮಾತ್ರಕ್ಕೆ ಅದು ವರನ ಹಕ್ಕಾಗುತ್ತದೆಯೇ? ನೀವು ಶೀರ್ಷಿಕೆಗೆ ಆರಿಸಿಕೊಂಡ ಗಾದೆಯನ್ನೇ ನೋಡಿ. ನಾನು ಕೇಳಿರುವ ಮಟ್ಟಿಗೆ, ಅದನ್ನು ತುಳಿಸಿಕೊಂಡವರು ಆಡುತ್ತಾರೆ, ನೊಂದು ಆಡುತ್ತಾರೆ. ನೀವು ಅದನ್ನು ಆನೆಗೆ ಕೊಟ್ಟ ರಹದಾರಿಯಂತೆ ಓದಿದ್ದೀರಿ.

1944ರ ಅಕ್ಟೋಬರ್‌ನ ಮಾಸ್ಕೋ ಭೇಟಿಯನ್ನು ‘ಪ್ರಬುದ್ಧ ರಾಜತಾಂತ್ರಿಕತೆ’ ಎಂದು ಕರೆದಿದ್ದೀರಿ. ಬ್ರಿಟನ್ ಪ್ರಧಾನಿ ಚರ್ಚಿಲ್ ಒಂದು ಹಾಳೆಯ ಮೇಲೆ ಯಾರ ಪ್ರಭಾವ ಎಲ್ಲಿ ಎಷ್ಟು ಎಂದು ಪಾಲು ಹಾಕಿ, ರುಮೇನಿಯಾದಲ್ಲಿ ರಷ್ಯಾಕ್ಕೆ ಶೇ. 90, ಗ್ರೀಸ್‌ನಲ್ಲಿ ಬ್ರಿಟನ್ನಿಗೆ ಶೇ. 90, ಯುಗೊಸ್ಲಾವಿಯ ಮತ್ತು ಹಂಗೆರಿಯಲ್ಲಿ ಅರ್ಧರ್ಧ ಎಂದು ಬರೆದು ಮುಂದೆ ಸರಿಸಿದರು. ಸೋವಿಯತ್ ನಾಯಕ ಸ್ಟಾಲಿನ್ ನೀಲಿ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಆ ಕೋಣೆಯಲ್ಲಿ ರುಮೇನಿಯಾದವರಾಗಲಿ, ಗ್ರೀಕರಾಗಲಿ, ಹಂಗೆರಿಯವರಾಗಲಿ ಇರಲಿಲ್ಲ. ನಿಮ್ಮ ಲೇಖನದಲ್ಲೂ ಅವರಿಲ್ಲ. ಈ ಕಾಗದವನ್ನು ಸುಟ್ಟುಬಿಡೋಣವೇ ಎಂದು ಚರ್ಚಿಲ್ ಕೇಳಿದ್ದನ್ನು ಅವರೇ ದಾಖಲಿಸಿದ್ದಾರೆ. ಹಕ್ಕು ಎನ್ನುವುದಾದರೆ ಸುಡುವ ಮಾತೇಕೆ ಬಂತು? ಈ ಪ್ರಶ್ನೆಯಿಂದಲೇ ನಿಮ್ಮ ಲೇಖನ ಆರಂಭವಾಗಬಹುದಿತ್ತು.

ಇನ್ನು ನನಗೆ ನಿಜಕ್ಕೂ ಬೇಸರ ತಂದ ವಾಕ್ಯ: ‘1956ರಲ್ಲಿ ಹಂಗೆರಿಯಲ್ಲಿ ಸುವ್ಯವಸ್ಥೆ ಮರುಸ್ಥಾಪನೆಯಾಯಿತು.’ ಯಾರು ಮಾಡಿದರು? ಯಾರ ಮೇಲೆ? ಕರ್ತೃವನ್ನು ಅಡಗಿಸುವ ಇಂಥ ಕ್ರಿಯಾಪದಗಳು ಬರಹಗಾರನ ದೊಡ್ಡ ಶತ್ರುಗಳು. ನಡೆದದ್ದು ಹೀಗೆ: ಅಕ್ಟೋಬರ್ 23ರಂದು ಬುಡಾಪೆಸ್ಟ್‌ನಲ್ಲಿ ಜನ ಬೀದಿಗಿಳಿದರು. ಪ್ರಧಾನಿಯಾದ ಇಮ್ರೆ ನಾಜ್ ತಾವೇ ಕಮ್ಯುನಿಸ್ಟ್. ಅವರು ನವೆಂಬರ್ 1ರಂದು ಹಂಗೆರಿಯು ಸೋವಿಯತ್ ನೇತೃತ್ವದ ಸೈನಿಕ ಕೂಟವಾದ ವಾರ್ಸಾ ಒಪ್ಪಂದದಿಂದ ಹೊರಬಂದು ತಟಸ್ಥವಾಗಿರುತ್ತದೆ ಎಂದು ಘೋಷಿಸಿದರು. ಮೂರು ದಿನ ಕಳೆಯುವಷ್ಟರಲ್ಲಿ ಸೋವಿಯತ್ ಟ್ಯಾಂಕುಗಳು ನಗರದೊಳಗಿದ್ದವು. ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟರು. 1958ರ ಜೂನ್ 16ರಂದು ನಾಜ್ ಅವರನ್ನು ಗಲ್ಲಿಗೇರಿಸಿ ಗುರುತಿಲ್ಲದ ಗುಂಡಿಯಲ್ಲಿ ಹೂಳಲಾಯಿತು. ಸರಿಯಾಗಿ 31 ವರ್ಷಗಳ ಬಳಿಕ, ಅದೇ ಜೂನ್ 16ರಂದು, ಅಪಾರ ಜನಸಾಗರದ ನಡುವೆ ಅವರಿಗೆ ಮರುಸಂಸ್ಕಾರವಾಯಿತು. ‘ಒಪ್ಪಿಕೊಂಡರೆ ಶಾಂತಿ’ ಎನ್ನುವ ನೀವು ಆ 31 ವರ್ಷಗಳ ಮೌನವನ್ನು ಏನೆಂದು ಕರೆಯುತ್ತೀರಿ?

ಮನ್ರೋ ಸಿದ್ಧಾಂತದ ಭಾಗವನ್ನು ಮೊಟಕುಗೊಳಿಸಿ. 1823ರಲ್ಲಿ ಅಮೆರಿಕದ ಅಧ್ಯಕ್ಷ ಮನ್ರೋ ಯುರೋಪಿನ ಸಾಮ್ರಾಜ್ಯಗಳನ್ನು ತಮ್ಮ ಖಂಡಗಳಿಂದ ದೂರವಿಡಲು ಆಡಿದ ಮಾತು 1904ರ ಹೊತ್ತಿಗೆ ನೆರೆಯವರ ಮನೆಗೆ ನುಗ್ಗುವ ನೆಪವಾದದ್ದನ್ನು ಮಾತ್ರ ಬಿಡಬೇಡಿ. ಕ್ಯೂಬಾ ತನ್ನ ವ್ಯವಹಾರದಲ್ಲಿ ಅಮೆರಿಕ ಕೈಹಾಕಬಹುದು ಎಂಬ ಷರತ್ತನ್ನು 1901ರಲ್ಲಿ ಸ್ವಂತ ಸಂವಿಧಾನಕ್ಕೇ ಸೇರಿಸಿಕೊಳ್ಳಬೇಕಾಯಿತು, ಅದೂ ಅಮೆರಿಕದ ಸೇನೆ ತನ್ನ ನೆಲದಲ್ಲಿ ಬೀಡುಬಿಟ್ಟಿದ್ದಾಗ.

ದೊಡ್ಡ ದೇಶಗಳ ಭಯ ಸುಳ್ಳು ಎಂದು ನಾನು ಹೇಳುತ್ತಿಲ್ಲ. 1941ರಲ್ಲಿ ಪಶ್ಚಿಮದ ಗಡಿ ದಾಟಿ ಬಂದ ಹಿಟ್ಲರನ ಸೇನೆಯನ್ನು ರಷ್ಯನ್ನರು ಮರೆಯಲಿ ಎನ್ನುವವನಿಗೆ ಇತಿಹಾಸ ಗೊತ್ತಿಲ್ಲ. ಭಯವಿರುವವರು ನೆರೆಯವರೊಡನೆ ಕುಳಿತು ಮಾತಾಡಲಿ, ಭರವಸೆ ಕೇಳಲಿ. ನೆರೆಯವರ ಪರವಾಗಿ ತಾವೇ ರುಜು ಹಾಕುವ ಅಧಿಕಾರ ಭಯದಿಂದ ಬರುವುದಿಲ್ಲ. ನಿಮ್ಮ ಮೆಚ್ಚಿನ ಉದಾಹರಣೆಯಾದ ಫಿನ್ಲೆಂಡ್ ಕೂಡ ನಿಮ್ಮ ವಾದಕ್ಕೆ ಒದಗುವುದಿಲ್ಲ. ಅದು 1939–40ರಲ್ಲಿ ಸೋವಿಯತ್ ಸೇನೆಯ ವಿರುದ್ಧ ನೂರಕ್ಕೂ ಹೆಚ್ಚು ದಿನ ಕಾದಾಡಿತು, ನೆಲ ಕಳೆದುಕೊಂಡಿತು, 1948ರಲ್ಲಿ ಮಾಸ್ಕೋ ಜೊತೆ ಒಪ್ಪಂದ ಮಾಡಿಕೊಂಡು ದಶಕಗಳ ಕಾಲ ಮಾತನ್ನು ಅಳೆದು ತೂಗಿ ಆಡಿತು. ಉಕ್ರೇನಿನ ಮೇಲಿನ ದಾಳಿಯನ್ನು ಕಂಡ ಮರುವರ್ಷವೇ, 2023ರ ಏಪ್ರಿಲ್‌ನಲ್ಲಿ, ಅಮೆರಿಕ ಮತ್ತು ಯುರೋಪಿನ ದೇಶಗಳ ಸೈನಿಕ ಕೂಟವಾದ ನ್ಯಾಟೊ ಸೇರಿತು. ಇಷ್ಟು ಕಾಲ ತಗ್ಗಿ ನಡೆದದ್ದು ಲೆಕ್ಕಾಚಾರದಿಂದ. ಮಾಸ್ಕೋಗೆ ತನ್ನ ಮೇಲೆ ಹಕ್ಕಿದೆ ಎಂದು ಅದು ನಂಬಿರಲಿಲ್ಲ.

ನಿಮ್ಮ ಲೇಖನದಲ್ಲಿ ಒಂದು ದೇಶ ಕಾಣಲೇ ಇಲ್ಲ: ನಮ್ಮದು. ಕನ್ನಡದ ಓದುಗ ದೊಡ್ಡ ದೇಶವೊಂದರ ಪ್ರಜೆ. 2015ರಲ್ಲಿ ಭೂಕಂಪದಿಂದ ಜರ್ಜರಿತವಾಗಿದ್ದ ನೇಪಾಳ ಸಂವಿಧಾನ ಜಾರಿಗೊಳಿಸಿದ ಬೆನ್ನಲ್ಲೇ ಗಡಿಯಲ್ಲಿ ಲಾರಿಗಳು ತಿಂಗಳುಗಟ್ಟಲೆ ನಿಂತವು. ಅಡುಗೆ ಅನಿಲಕ್ಕೂ ಔಷಧಿಗೂ ಪರದಾಟವಾಯಿತು. ತಾನು ದಿಗ್ಬಂಧನ ಹೇರಿಲ್ಲ, ಗಡಿಯಲ್ಲಿ ಮಧೇಶಿಗಳ, ಅಂದರೆ ನೇಪಾಳದ ದಕ್ಷಿಣದ ಬಯಲಿನ ಜನರ, ಪ್ರತಿಭಟನೆ ನಡೆಯುತ್ತಿದೆ ಎಂದು ನಮ್ಮ ಸರ್ಕಾರ ಹೇಳಿತು. ನೇಪಾಳದಲ್ಲಿ ಬಹಳ ಜನ ಅದನ್ನು ನಂಬಲಿಲ್ಲ. ಇನ್ನೊಂದು ಕಡೆ ಭೂತಾನ್ ಇದೆ. ವಿದೇಶ ವ್ಯವಹಾರದಲ್ಲಿ ಭಾರತದ ಸಲಹೆಯಂತೆ ನಡೆಯಬೇಕು ಎಂಬ 1949ರ ಒಪ್ಪಂದದ ಮಾತನ್ನು 2007ರಲ್ಲಿ ಎರಡೂ ದೇಶಗಳು ಕುಳಿತು ತೆಗೆದುಹಾಕಿದವು, ಸ್ನೇಹ ಉಳಿಯಿತು. ನಿಮ್ಮ ಸೂತ್ರವನ್ನು ಈ ಎರಡು ಗಡಿಗಳಲ್ಲಿ ನಿಲ್ಲಿಸಿ ಪರೀಕ್ಷಿಸಿ. ರಷ್ಯಾಕ್ಕೆ ಕೊಟ್ಟ ಹಕ್ಕನ್ನು ಚೀನಾಕ್ಕೂ ಕೊಡುತ್ತೀರಾ ಎಂಬುದಕ್ಕೂ ಆಗ ಉತ್ತರಿಸಬೇಕಾಗುತ್ತದೆ.

ಹಾಗೆಂದು ನಿಮ್ಮ ನಿಲುವನ್ನು ಬದಲಿಸಲೇಬೇಕೆಂದಿಲ್ಲ. ಹಂಗೆರಿಯನ್ನೂ ನೇಪಾಳವನ್ನೂ ಎದುರಿಗೆ ಕೂರಿಸಿಕೊಂಡು ವಾದಿಸಿದ ಮೇಲೂ ಅದೇ ನಿಲುವಿದ್ದರೆ, ನನಗೆ ಒಪ್ಪಿಗೆಯಾಗದಿದ್ದರೂ ಪ್ರಕಟಿಸುತ್ತೇನೆ. ಆರನೇ ಪುಟದಲ್ಲಿ ಗಡಿ ಹಳ್ಳಿಯ ಮುದುಕಿಯೊಬ್ಬಳು ಬದುಕಿನಲ್ಲಿ ನಾಲ್ಕು ಬಾವುಟಗಳನ್ನು ಕಂಡ ಪ್ರಸಂಗವನ್ನು ಮೂರು ಸಾಲಿಗೇ ಮುಗಿಸಿದ್ದೀರಿ. ಅದನ್ನು ಮೊದಲ ಪುಟಕ್ಕೆ ತಂದು ಬೆಳೆಸಿ. ಎರಡು ತಿಂಗಳ ಕಾಲಾವಕಾಶ ತೆಗೆದುಕೊಳ್ಳಿ. ಹೊಸ ಪ್ರತಿಗಾಗಿ ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ